ರೋಗಿಯನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಯ ವರದಿ ಪುಸ್ತಕ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಲೆಕ್ಕಪತ್ರದ ಪುಟವನ್ನು. ಬ್ಯಾಂಕಿನವನ ಚಾಳಿ, ಬಿಡಲಾಗುವುದಿಲ್ಲ. ಖರ್ಚಿನ ಬದಿಯಲ್ಲಿ ವಿದ್ಯಾರ್ಥಿವೇತನ ಇರುತ್ತದೆ, ವೈದ್ಯಕೀಯ ನೆರವು ಇರುತ್ತದೆ, ಕ್ರೀಡೋತ್ಸವ, ಯಕ್ಷಗಾನ, ಅರಸಿನ ಕುಂಕುಮ, ಸಭಾಗೃಹದ ಬಾಡಿಗೆ, ಶಾಲು-ಸ್ಮರಣಿಕೆ, ಕೊನೆಗೆ ಇತರೆ. ವೈದ್ಯಕೀಯ ನೆರವು ಎಂದರೆ ರೋಗಿಗೆ ಕೊಡುವ ನೆರವು. ಆ ರೋಗಿಯನ್ನು ಬೆಳಿಗ್ಗೆ ಎಬ್ಬಿಸಿ, ಹಲ್ಲುಜ್ಜಿಸಿ, ಶೌಚ ಮಾಡಿಸಿ, ಗುಳಿಗೆ ನುಂಗಿಸಿ, ರಾತ್ರಿ ಮೂರು ಬಾರಿ ಮಗ್ಗುಲು ಬದಲಿಸುವ ಇನ್ನೊಂದು ಜೀವ ಅದೇ ಮನೆಯಲ್ಲಿ ಇರುತ್ತದಲ್ಲ, ಅದಕ್ಕೆ ಯಾವ ಕಾಲಂನಲ್ಲೂ ಜಾಗವಿಲ್ಲ. 'ಇತರೆ'ಯಲ್ಲೂ ಇಲ್ಲ.

ಮುಂಬಯಿ ಕನ್ನಡಿಗರು ಕಷ್ಟಕ್ಕೆ ಆಗುವವರು ಎಂಬುದರಲ್ಲಿ ಎರಡು ಮಾತಿಲ್ಲ. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು, ಒಂದೇ ಖೋಲಿಯಲ್ಲಿ ಎಂಟು-ಹತ್ತು ಮಂದಿ ಮಲಗಿ ಮೇಲೆ ಬಂದ ಸಮಾಜ ನಮ್ಮದು. ಯಾರಾದರೂ ಐಸಿಯುವಿನಲ್ಲಿ ಇದ್ದಾರೆಂದರೆ ಕಲ್ಯಾಣದಿಂದ, ವಿರಾರಿನಿಂದ ಲೋಕಲ್ ಹಿಡಿದು ಬರುತ್ತೇವೆ. ತೀರಿಕೊಂಡರಂತೂ ಶ್ರದ್ಧಾಂಜಲಿ ಸಭೆಯಲ್ಲಿ ಕುರ್ಚಿ ಸಾಲದು. ಆದರೆ ಐಸಿಯುವಿಗೂ ಶ್ರದ್ಧಾಂಜಲಿ ಸಭೆಗೂ ನಡುವೆ ಕೆಲವು ಮನೆಗಳಲ್ಲಿ ಐದು ವರ್ಷ, ಎಂಟು ವರ್ಷ ಕಳೆಯುತ್ತವೆ. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ, ಡಯಾಲಿಸಿಸ್. ಮೊದಲ ಎರಡು ತಿಂಗಳು ಹಣ್ಣು ಹಿಡಿದು ಬಂದವರು ಮೂರನೇ ತಿಂಗಳಿಗೆ ಫೋನು ಮಾಡುತ್ತಾರೆ, ಒಂದು ವರ್ಷ ಕಳೆದ ಮೇಲೆ ಮದುವೆ ಮನೆಯಲ್ಲಿ ಸಿಕ್ಕಾಗ 'ಹೇಗಿದ್ದಾರೆ?' ಎಂದು ಕೇಳಿ ಊಟದ ಪಂಕ್ತಿಯ ಕಡೆ ನಡೆಯುತ್ತಾರೆ. ಇದು ಕೆಟ್ಟ ಮನಸ್ಸಿನಿಂದ ಆಗುವುದಲ್ಲ. ದೀರ್ಘ ಕಾಯಿಲೆಗೆ ಹೇಗೆ ಒದಗುವುದು ಎಂಬುದು ನಮಗೆ ರೂಢಿಯಾಗಿಲ್ಲ, ಅಷ್ಟೆ.

ನನ್ನ ಸಹೋದ್ಯೋಗಿಯೊಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ, ಅವರಿಗೂ ಬೇಡ. ಫೋರ್ಟಿನ ಶಾಖೆಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಕೌಂಟರಿನಲ್ಲಿ ಹದಿನಾಲ್ಕು ವರ್ಷ ಕೂತವರು. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ ಪೂರ್ವದಲ್ಲಿ. ನಮ್ಮ ಸ್ಥಳೀಯ ಸಂಘಕ್ಕೆ ಆರು ವರ್ಷ ಕೋಶಾಧಿಕಾರಿಯಾಗಿದ್ದರು. ಒಂದು ರೂಪಾಯಿಯ ರಶೀದಿಯೂ ತಪ್ಪಿದ್ದಿಲ್ಲ. ಅವರ ಪತ್ನಿ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದವರು. ಆರು ವರ್ಷಗಳ ಹಿಂದೆ ಒಲೆಯ ಮೇಲೆ ಹಾಲಿಟ್ಟು ಮರೆಯುವುದರಿಂದ ಶುರುವಾಯಿತು. ಬಳಿಕ ಅದೇ ಕಟ್ಟಡದ ಬೇರೆ ಮಹಡಿಯಲ್ಲಿ ಇಳಿದು ಇನ್ನೊಬ್ಬರ ಬಾಗಿಲು ತಟ್ಟುವುದು, ಸಂಬಳವಾಗಿಲ್ಲವೆಂದು ಗಂಡನನ್ನು ಬಯ್ಯುವುದು. ವೈದ್ಯರು ಆಲ್ಝೈಮರ್ ಎಂದರು. ನಮ್ಮವರು ಸೇವೆ ಇನ್ನೂ ಎರಡು ವರ್ಷ ಬಾಕಿ ಇರುವಾಗಲೇ ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿ ಕೂತರು.

ಇಂತಹ ಮನೆಗಳು ಒಂದೆರಡಲ್ಲ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ. ನೂರರಲ್ಲಿ ಏಳು ಮಂದಿಗಿಂತ ಹೆಚ್ಚು. ಒಂದು ಸಂಘದ ಹಿರಿಯ ಸದಸ್ಯರ ಪಟ್ಟಿ ತೆಗೆದು ಲೆಕ್ಕ ಹಾಕಿ ನೋಡಿ, ತಿಳಿಯುತ್ತದೆ. ಈ ರೋಗಿಗಳನ್ನು ನೋಡಿಕೊಳ್ಳುವವರಿಗಾಗಿ ಅಮೆರಿಕದಲ್ಲಿ ನ್ಯಾನ್ಸಿ ಮೇಸ್ ಮತ್ತು ಪೀಟರ್ ರಾಬಿನ್ಸ್ ಎಂಬವರು 1981ರಲ್ಲಿ ಬರೆದ ಪುಸ್ತಕದ ಹೆಸರೇ '36 ಗಂಟೆಗಳ ದಿನ' ಎಂಬ ಅರ್ಥದ್ದು. ನನ್ನ ಮಿತ್ರರಿಗೆ ಈ ಹೆಸರು ಹೇಳಿದಾಗ ಅವರು ನಕ್ಕು, "ಹನ್ನೆರಡು ಗಂಟೆ ಓವರ್‌ಟೈಮ್, ಭತ್ಯೆ ಇಲ್ಲ" ಎಂದರು.

ಮೈಗೂ ಇದು ತಟ್ಟದೆ ಇರುವುದಿಲ್ಲ. 1995ರಲ್ಲಿ ಅಮೆರಿಕದ ಒಹಾಯೊದಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಮರೆವಿನ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನ ಮೇಲೆ, ಅವರದೇ ವಯಸ್ಸಿನ ಇನ್ನೂ 13 ಮಹಿಳೆಯರ ತೋಳಿನ ಮೇಲೆ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ ಎಷ್ಟು ದಿನದಲ್ಲಿ ಮಾಯುತ್ತದೆ ಎಂದು ನೋಡಿದರು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ನಮ್ಮ ಹೆಂಗಸರು 'ಅವಳು ಅತ್ತೆಯನ್ನು ನೋಡಿ ನೋಡಿ ಸೊರಗಿಹೋದಳು' ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದಾಯಿತು.

'ಏನಾದರೂ ಬೇಕಿದ್ದರೆ ಹೇಳಿ'

ನಾವೆಲ್ಲ ಹೇಳುವ ಮಾತು ಇದು: 'ಏನಾದರೂ ಬೇಕಿದ್ದರೆ ಸಂಕೋಚ ಇಲ್ಲದೆ ಹೇಳಿ.' ಹೇಳಿದವರ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಕೇಳಿಸಿಕೊಂಡವರು ಏನು ಮಾಡಬೇಕು? ಯಾರಿಗೆ ಯಾವ ದಿನ ಬಿಡುವಿದೆ, ಯಾರಿಗೆ ಏನು ಹೇಳಿದರೆ ಬೇಸರವಾಗದು ಎಂದು ಯೋಚಿಸಿ, ಫೋನು ಮಾಡಿ, ಯಾಚಿಸುವ ದನಿಯಲ್ಲಿ ಕೇಳುವ ಇನ್ನೊಂದು ಕೆಲಸ ಅವರ ತಲೆಗೇ ಬೀಳುತ್ತದೆ. ಅದಕ್ಕಿಂತ ಕೇಳದೆ ಇರುವುದೇ ಸುಲಭ. ನನ್ನ ಮಿತ್ರರು ನಾಲ್ಕು ವರ್ಷ ಒಬ್ಬರನ್ನೂ ಕೇಳಲಿಲ್ಲ. ಸಮಿತಿಯ ಸಭೆಗೆ ಬರುವುದನ್ನು ಬಿಟ್ಟರು. 'ಅವರಿಗೆ ಈಗ ಸಂಘ ಬೇಡವಾಗಿದೆ' ಎಂದು ಆಡಿಕೊಂಡವರೂ ಇದ್ದರು.

ಇದನ್ನು ಮುರಿದದ್ದು ಅವರ ಕಟ್ಟಡದಲ್ಲೇ ಇರುವ, ಭಾಷಣ ಮಾಡಲು ಎಂದೂ ವೇದಿಕೆ ಹತ್ತದ ಒಬ್ಬ ಮಹಿಳೆ. ಅವರು ಏನು ಬೇಕೆಂದು ಕೇಳಲಿಲ್ಲ. "ಶನಿವಾರ ನಾಲ್ಕರಿಂದ ಏಳು ನಾನು ಬಂದು ಟೀಚರ ಹತ್ತಿರ ಕೂರುತ್ತೇನೆ, ನೀವು ಕ್ಷೌರ ಮಾಡಿಸಿಕೊಂಡು ಬನ್ನಿ, ಕನ್ನಡಿ ನೋಡಿಕೊಂಡು ಎಷ್ಟು ದಿನವಾಯಿತು?" ಎಂದು ನೇರವಾಗಿ ಹೇಳಿದರು. ದಿನ ಗೊತ್ತು, ಗಂಟೆ ಗೊತ್ತು, ಕೆಲಸ ಗೊತ್ತು. ಮಿತ್ರರು ಬೇಡ ಎನ್ನಲು ದಾರಿಯೇ ಇರಲಿಲ್ಲ. ಮೊದಲ ಶನಿವಾರ ಕ್ಷೌರ ಮಾಡಿಸಿಕೊಂಡು ಇಪ್ಪತ್ತು ನಿಮಿಷದಲ್ಲಿ ಓಡಿ ಬಂದರಂತೆ. ಎರಡನೇ ಶನಿವಾರ ಸ್ಟೇಶನ್ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದು ಬಂದರು. ಮೂರನೆಯದರಲ್ಲಿ ಒಳಕೋಣೆಯ ಬಾಗಿಲು ಹಾಕಿ ಎರಡೂವರೆ ಗಂಟೆ ನಿದ್ದೆ ಮಾಡಿದರು. ಕೊಡಬಹುದಾದ ದೊಡ್ಡ ಉಡುಗೊರೆ ಆ ನಿದ್ದೆಯೇ ಎಂದು ನನಗನ್ನಿಸುತ್ತದೆ. ಹಣ್ಣಿನ ಬುಟ್ಟಿಯಲ್ಲಿ ಅದು ಬರುವುದಿಲ್ಲ.

ಹಣ್ಣಿನ ಮಾತು ಬಂತು, ಒಂದು ವಿಷಯ ಹೇಳಿಯೇ ಬಿಡುತ್ತೇನೆ. ರೋಗಿಯನ್ನು ನೋಡಲು ನಾಲ್ವರು ಒಟ್ಟಿಗೆ ಹೋಗಿ, ಆ ಮನೆಯವರೇ ಚಹಾ ಮಾಡಿ, ಬಿಸ್ಕತ್ತು ತಂದು, ನಾವು ಹೊರಟ ಮೇಲೆ ಆರು ಕಪ್ಪು ತೊಳೆಯುವಂತೆ ಮಾಡುವುದು ಭೇಟಿಯಲ್ಲ, ದಂಡ. ಚಹಾ ಬೇಕಿದ್ದರೆ ಥರ್ಮಾಸಿನಲ್ಲಿ ಒಯ್ಯಿರಿ, ಅವರಿಗೂ ಕೊಡಿ. ಸಾಧ್ಯವಾದರೆ ಎರಡು ಹೊತ್ತಿಗಾಗುವ ಸಾರು, ಪಲ್ಯ. ಡಬ್ಬಿ ವಾಪಸು ಕೇಳದಿರುವ ಡಬ್ಬಿಯಲ್ಲಿ.

ಮಾತಿನಲ್ಲೂ ಎಚ್ಚರ ಬೇಕಾಗುತ್ತದೆ. 'ಎಲ್ಲ ಹಣೆಬರಹ', 'ಪೂರ್ವಜನ್ಮದ ಋಣ', 'ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು, ಕೊನೆಗೆ ತುಂಬಾ ಕಷ್ಟಪಟ್ಟರು' ಎಂಬುದೆಲ್ಲ ಆ ಹೊತ್ತಿಗೆ ಯಾವ ಉಪಕಾರಕ್ಕೂ ಬಾರದು. ಸೂಸನ್ ಸಿಲ್ಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ, ಬ್ಯಾರಿ ಗೋಲ್ಡ್‌ಮನ್ ಎಂಬವರ ಜೊತೆ ಸೇರಿ 2013ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಸರಳ ಉಪಾಯ ಬರೆದಿದ್ದರು. ಆಕೆಗೇ ಸ್ತನ ಕ್ಯಾನ್ಸರ್ ಆದಾಗ ಸಹೋದ್ಯೋಗಿಯೊಬ್ಬರು 'ಇದು ನಿನ್ನೊಬ್ಬಳ ವಿಷಯವಲ್ಲ' ಎಂದಿದ್ದರಂತೆ. ಆ ಉಪಾಯವನ್ನು ನಮ್ಮ ಅಂಗಳದ ರಂಗೋಲಿಯಾಗಿ ಯೋಚಿಸಬಹುದು. ನಡುವಿನ ಬಿಂದು ರೋಗಿ. ಅದರ ಸುತ್ತ ಮೊದಲ ವೃತ್ತ ಹಗಲಿರುಳು ಜೊತೆಗಿರುವವರು. ಅದರಾಚೆ ಮಕ್ಕಳು, ಒಡಹುಟ್ಟಿದವರು. ಇನ್ನೂ ಹೊರಗೆ ನಾವು, ಸ್ನೇಹಿತರು, ಸಂಘದವರು. ಒಳಮುಖವಾಗಿ ಸಾಂತ್ವನ ಮಾತ್ರ ಹೋಗಬೇಕು. ದುಃಖ, ದೂರು, ಭಯ, ಬುದ್ಧಿವಾದ ಎಲ್ಲವನ್ನೂ ತನಗಿಂತ ಹೊರಗಿನ ವೃತ್ತದವರ ಬಳಿ ಹೇಳಿಕೊಳ್ಳಬೇಕು. ಗಂಡ ನಮ್ಮ ಹತ್ತಿರ 'ಸಾಕಾಗಿ ಹೋಗಿದೆ, ಯಾವಾಗ ಮುಗಿಯುತ್ತದೋ' ಎಂದು ಗೊಣಗಬಹುದು. ನಾವು 'ಹಾಗೆಲ್ಲ ಹೇಳಬಾರದು' ಎನ್ನಕೂಡದು. ಹೇಳಲೆಂದೇ ನಾವು ಹೊರಗಿನ ವೃತ್ತದಲ್ಲಿರುವುದು.

ಮಾತೃಭಾಷೆಗೆ ಮರಳಿದಾಗ

ಇಲ್ಲಿ ನಮ್ಮಂಥ ಹೊರನಾಡ ಕನ್ನಡಿಗರಿಗೇ ವಿಶೇಷವಾಗಿ ಸಂಬಂಧಿಸಿದ ಸಂಗತಿ ಒಂದಿದೆ. ಮರೆವಿನ ಕಾಯಿಲೆಯಲ್ಲಿ ಅನೇಕರಿಗೆ ಮೊದಲು ಮರೆಯುವುದು ಆಮೇಲೆ ಕಲಿತ ಭಾಷೆ. ನಲವತ್ತು ವರ್ಷ ಮರಾಠಿಯಲ್ಲಿ ತರಕಾರಿ ತಂದವರು, ಹಿಂದಿಯಲ್ಲಿ ರಿಕ್ಷಾದವನ ಜೊತೆ ಜಗಳವಾಡಿದವರು, ನಿಧಾನವಾಗಿ ಬಾಲ್ಯದ ಭಾಷೆಗೆ ಮರಳುತ್ತಾರೆ. ಟೀಚರಿಗೆ ಹಾಗೇ ಆಯಿತು. ಮೊದಲು ಇಂಗ್ಲಿಷು ಹೋಯಿತು, ಆಮೇಲೆ ಮರಾಠಿ, ಹಿಂದಿ. ಶಾಲೆಯಲ್ಲಿ ಕಲಿಸಿದ ಗ್ರಂಥದ ಕನ್ನಡವೂ ತೆಳುವಾಗಿ ಕೊನೆಗೆ ಉಳಿದದ್ದು ಕುಂದಾಪುರದ ಮನೆಮಾತು. ಆದರೆ 1990ರ ಸುಮಾರಿನ ಒಂದು ತರಗತಿಯ ಹಾಜರಿ ಪಟ್ಟಿ ಮಾತ್ರ ಹೇಗೋ ಉಳಿದುಕೊಂಡಿದೆ. ನಡುರಾತ್ರಿ ಎದ್ದು ಮಕ್ಕಳ ಹೆಸರನ್ನು ಕ್ರಮವಾಗಿ ಕೂಗುತ್ತಾರೆ. ಗಂಡನ ಹೆಸರು ನೆನಪಿಲ್ಲ. ಮಿತ್ರರು 'ಹಾಜರ್ ಟೀಚರ್' ಎಂದರೆ ಸಮಾಧಾನವಾಗಿ ಮಲಗುತ್ತಾರಂತೆ.

ಮಿತ್ರರು ಹಗಲಿಗೆಂದು ಬ್ಯೂರೋ ಮೂಲಕ ಒಬ್ಬ ಮಾವಶಿಯನ್ನು ಇಟ್ಟುಕೊಂಡಿದ್ದಾರೆ. ಒಳ್ಳೆಯ ಹೆಂಗಸು, ಕೈ ಸೌಮ್ಯ. ಆಕೆಗೆ ಮರಾಠಿ ಬಿಟ್ಟರೆ ಬೇರೆ ಬಾರದು. ಟೀಚರು 'ಒಂದಕ್ಕೆ' ಎನ್ನುತ್ತಿದ್ದರು. ನಮಗೆ ತಿಳಿಯುವ ಆ ಮಾತು ಆಕೆಗೆ ಹೇಗೆ ತಿಳಿಯಬೇಕು? ಆಕೆ ನೀರು ಕೊಡುತ್ತಿದ್ದಳು. ಆಮೇಲೆ ಬಟ್ಟೆ ಒದ್ದೆಯಾಗಿ, ಟೀಚರು ನಾಚಿಕೆಯಿಂದ ಸಿಟ್ಟಿಗೆದ್ದು ಕೈ ಎತ್ತುತ್ತಿದ್ದರು. 'ರೋಗಿ ಹೊಡೆಯುತ್ತಾರೆ' ಎಂದು ಮೂರು ಮಂದಿ ಕೆಲಸದವರು ಬಿಟ್ಟು ಹೋಗಿದ್ದರು. ಹೊಡೆತಕ್ಕೆ ಕಾರಣ ಕಾಯಿಲೆ ಅರ್ಧ, ಭಾಷೆ ಅರ್ಧ.

ನಮ್ಮ ಸಂಘದ ಮಹಿಳಾ ವಿಭಾಗದ ಇಬ್ಬರು ಒಂದು ಮಧ್ಯಾಹ್ನ ಕೂತು ನಲವತ್ತು ಮಾತುಗಳ ಪಟ್ಟಿ ಮಾಡಿದರು. ಒಂದಕ್ಕೆ, ಎರಡಕ್ಕೆ, ಬಚ್ಚಲು, ನೀರು, ಹಸಿವು, ಸಾಕು, ಚಳಿ, ಸೆಕೆ, ನೋವು, ಹೆದರಿಕೆ. ಎಡಬದಿಯಲ್ಲಿ ಕನ್ನಡದ ಉಚ್ಚಾರ ದೇವನಾಗರಿಯಲ್ಲಿ, ಬಲಬದಿಯಲ್ಲಿ ಮರಾಠಿ ಅರ್ಥ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಹದಿನೈದು ದಿನದಲ್ಲಿ ಮಾವಶಿ ಪಟ್ಟಿ ನೋಡದೆ ಹೇಳತೊಡಗಿದಳು. ಈಗ ಆಕೆ 'ಉಂಡ್ಯಾ?' ಎಂದೂ ಕೇಳುತ್ತಾಳೆ. ನಮ್ಮ ಸಂಘ ರಾಜ್ಯೋತ್ಸವಕ್ಕೆ ಖರ್ಚು ಮಾಡಿದ ಹಣದಲ್ಲಿ ಕನ್ನಡಕ್ಕೆ ಇಷ್ಟು ಪ್ರಯೋಜನವಾದದ್ದು ನನಗೆ ನೆನಪಿಲ್ಲ. ಈ ಮಾತಿಗೆ ನಮ್ಮ ಅಧ್ಯಕ್ಷರು ಮುನಿಸಿಕೊಂಡರೂ ಸರಿ.

ಸಂಜೆ ಐದರ ಹೊತ್ತಿಗೆ ಇಂಥ ರೋಗಿಗಳಲ್ಲಿ ಹಲವರಿಗೆ ತಳಮಳ ಹೆಚ್ಚುತ್ತದೆ. ಬಾಗಿಲ ಹತ್ತಿರ ನಿಂತು 'ಮನಿಗ್ ಹೋಯ್ಕ್' ಎನ್ನುತ್ತಾರೆ ಟೀಚರು. ಇದೇ ನಿಮ್ಮ ಮನೆ, ಇಪ್ಪತ್ತೆಂಟು ವರ್ಷದಿಂದ ಇಲ್ಲೇ ಇದ್ದೀರಿ ಎಂದು ವಾದಿಸಿದರೆ ಅಳು. ಆ ಪಕ್ಕದ ಮನೆಯ ಮಹಿಳೆ ವಾದ ಮಾಡುವುದಿಲ್ಲ. "ಹ್ವಾಪ, ಮೊದ್ಲ್ ಚಾ ಕುಡಿವ" ಎನ್ನುತ್ತಾರೆ. ಚಹಾ ಮುಗಿಯುವಷ್ಟರಲ್ಲಿ ಹೋಗಬೇಕಾದ ಮನೆ ಮರೆತಿರುತ್ತದೆ. ದುಡ್ಡು ಕೊಟ್ಟರೆ ಮುಂಬಯಿಯಲ್ಲಿ ನರ್ಸ್ ಸಿಗುತ್ತಾರೆ, ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ; ಮನೆಮಾತಿನಲ್ಲಿ 'ಹ್ವಾಪ' ಎನ್ನುವವರು ನಮ್ಮ ಸದಸ್ಯರ ಪಟ್ಟಿಯಲ್ಲಿ ಮಾತ್ರ ಸಿಗುತ್ತಾರೆ. ತುಳುವಿಗೂ, ಕೊಂಕಣಿಗೂ, ಧಾರವಾಡದ ಕಡೆಯ ಮಾತಿಗೂ ಇದೇ ಅನ್ವಯ.

ಪರೇಲಿನ ಟಾಟಾ ಆಸ್ಪತ್ರೆಯ ವಿಷಯದಲ್ಲಿ ಇದು ಇನ್ನೊಂದು ರೀತಿ. 1941ರಲ್ಲಿ ಆರಂಭವಾದ ಆ ಆಸ್ಪತ್ರೆಗೆ ಇಂದಿಗೂ ಊರಿನಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಲ್ಲಿ, ಪರೇಲಿನ ನಾನಾ ಪಾಲಕರ ಸ್ಮೃತಿ ಸಮಿತಿಯಲ್ಲಿ ಜಾಗ ಸಿಕ್ಕವರು ಪುಣ್ಯವಂತರು. ರೋಗಿಯ ಜೊತೆ ಬಂದ ಮಗನಿಗೋ ಹೆಂಡತಿಗೋ ಹಿಂದಿ ಸರಿಯಾಗಿ ಬಾರದು. ಯಾವ ಕಿಟಕಿಯಲ್ಲಿ ಫೈಲು, ಯಾವ ಮಹಡಿಯಲ್ಲಿ ರಕ್ತ, ಯಾವ ಸಾಲಿನಲ್ಲಿ ಹಣ ಎಂದು ಅಲೆದು ಮೊದಲ ದಿನವೇ ಸೋಲುತ್ತಾರೆ. ನಿವೃತ್ತರಾದ ನಮ್ಮವರೊಬ್ಬರು ಮೊದಲ ದಿನದ ಬೆಳಿಗ್ಗೆ ನಾಲ್ಕು ಗಂಟೆ ಜೊತೆಗಿದ್ದರೆ ಉಳಿದದ್ದನ್ನು ಅವರೇ ನಿಭಾಯಿಸುತ್ತಾರೆ.

ಕೌಂಟರಿನ ಈಚೆಯಿಂದ ಕೆಲವು ಮಾತು

ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಸಂಜೆ ಕಾಲೇಜಿನಲ್ಲಿ ಬಿಕಾಂ ಓದುವಾಗ ಮರ್ಕೆಂಟೈಲ್ ಲಾ ಎಂಬ ವಿಷಯವಿತ್ತು. ಹಗಲೆಲ್ಲ ದುಡಿದು ಬಂದು ತೂಕಡಿಸುತ್ತ ಕೇಳಿದ 1872ರ ಭಾರತೀಯ ಕರಾರು ಕಾಯ್ದೆ ಇಷ್ಟು ವರ್ಷದ ಮೇಲೆ ಒಬ್ಬ ಮಿತ್ರನ ಮನೆಯಲ್ಲಿ ಕೆಲಸಕ್ಕೆ ಬಂತು.

ಅನೇಕರು ತಿಳಿದಿರುವುದು ಹೀಗೆ: ಅಪ್ಪನಿಗೆ ಮರೆವು ಬಂದಿದೆ, ಒಂದು ಪವರ್ ಆಫ್ ಅಟಾರ್ನಿ ಮಾಡಿಸಿಟ್ಟರೆ ಆಯಿತು. ಆಗಲಿಲ್ಲ. ಆ ಕಾಯ್ದೆಯ 201ನೇ ಕಲಮಿನಂತೆ ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದೊಡನೆ ಕೊಟ್ಟ ಅಧಿಕಾರವೂ ಮುಗಿಯುತ್ತದೆ. ಯಾವ ದಿನಕ್ಕೆಂದು ಕಾಗದ ಮಾಡಿಸಿದಿರೋ ಆ ದಿನಕ್ಕೇ ಅದು ನಡೆಯದು. ಆಮೇಲೆ ಉಳಿಯುವುದು ಕೋರ್ಟಿನ ಮೂಲಕ ಪಾಲಕರ ನೇಮಕ. ಅದಕ್ಕೆ ವಕೀಲರು, ವೈದ್ಯಕೀಯ ವರದಿ, ತಿಂಗಳುಗಳು. ನಾಮನಿರ್ದೇಶನವೂ ಇಲ್ಲಿ ನೆರವಾಗದು. ನಾಮಿನಿಗೆ ಹಕ್ಕು ಬರುವುದು ಖಾತೆದಾರರು ತೀರಿಕೊಂಡ ಮೇಲೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದಾಗಿದೆ, ಒಳ್ಳೆಯದೇ, ಆದರೆ ಬದುಕಿರುವವರ ಔಷಧಿಗೆ ಆ ನಾಲ್ವರಲ್ಲಿ ಒಬ್ಬರೂ ಒಂದು ರೂಪಾಯಿ ತೆಗೆಯುವಂತಿಲ್ಲ.

ಹಾಗಾದರೆ ದಾರಿ? ಕಾಯಿಲೆಯ ಆರಂಭದಲ್ಲಿ, ರೋಗಿಗೆ ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ತಿಳಿಯುವ ಕಾಲದಲ್ಲೇ, ಅವರ ಒಪ್ಪಿಗೆಯಿಂದ ಖಾತೆಯನ್ನು ಜಂಟಿಯಾಗಿಸಿ 'ಐದರ್ ಆರ್ ಸರ್ವೈವರ್' ಎಂದು ಬರೆಸುವುದು. ಠೇವಣಿಗಳಿಗೂ ಹಾಗೆಯೇ. ಎಟಿಎಂ ಕಾರ್ಡಿನ ದಿನದ ಮಿತಿ ಇಳಿಸುವುದು. ವೈದ್ಯರು ಹೆಸರು ಹೇಳಿದ ವಾರದಲ್ಲಿ ಯಾರಿಗೂ ಇದು ತೋಚುವುದಿಲ್ಲ, ಮನೆಯವರು ದಿಗಿಲಲ್ಲಿ ಇರುತ್ತಾರೆ. ಆಗ ಪಕ್ಕದಲ್ಲಿ ಬ್ಯಾಂಕು ತಿಳಿದ ಸ್ನೇಹಿತನೊಬ್ಬ ಫಾರಂ ಹಿಡಿದು ಕೂರಬೇಕು. ನನ್ನ ಮಿತ್ರರು ಸ್ವತಃ ಬ್ಯಾಂಕಿನವರಾಗಿ ಈ ಒಂದು ಕೆಲಸವನ್ನು ಮೊದಲೇ ಮಾಡಿಟ್ಟಿದ್ದರು. ಎಲ್ಲರ ಮನೆಯಲ್ಲೂ ಬ್ಯಾಂಕಿನವರು ಇರುವುದಿಲ್ಲವಲ್ಲ.

ಬುದ್ಧಿ ಸರಿಯಿದ್ದು ಕೈ ಮಾತ್ರ ನಡೆಯದವರ, ಅಂದರೆ ಪಾರ್ಶ್ವವಾಯು ಆದವರ ವಿಷಯ ಬೇರೆ. ಸಹಿ ಹಾಕಲಾಗದವರು ಹೆಬ್ಬೆಟ್ಟು ಒತ್ತಬಹುದು, ಕೈ ಬಾರದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿ ಆಗಿರಬೇಕು. ಎಪ್ಪತ್ತು ದಾಟಿದವರಿಗೆ ಮತ್ತು ಓಡಾಡಲಾಗದವರಿಗೆ ಮನೆಬಾಗಿಲಿಗೆ ನಗದು ತಲುಪಿಸುವ, ಜೀವನ ಪ್ರಮಾಣಪತ್ರ ಪಡೆಯುವ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದರೂ ನವೆಂಬರ್ ಬಂತೆಂದರೆ ಪೆನ್ಶನಿನ ಹಿರಿಯರನ್ನು ರಿಕ್ಷಾದಲ್ಲಿ ಒರಗಿಸಿಕೊಂಡು ಶಾಖೆಗೆ ತರುವ ಮಕ್ಕಳನ್ನು ನೋಡುತ್ತೇನೆ. ಶಾಖೆಗೆ ಲಿಖಿತವಾಗಿ ಕೇಳಿ. ಜೀವನ ಪ್ರಮಾಣಪತ್ರವನ್ನು 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಸಂಘದ ಯುವ ವಿಭಾಗದ ಹುಡುಗರಿಗೆ ಇದು ಹತ್ತು ನಿಮಿಷದ ಕೆಲಸ. ಒಂದು ಭಾನುವಾರ ಹತ್ತು ಮನೆ ಮುಗಿಸಬಹುದು.

ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅವಲಂಬಿತರ ಕೆಲವು ದೊಡ್ಡ ಕಾಯಿಲೆಗಳ ಖರ್ಚಿಗೆ ರಿಯಾಯಿತಿ ಇದೆ, ನಿಮ್ಮ ಸಿಎ ಅವರನ್ನು ಕೇಳಿ. 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯ ಬಂದಿದೆ. ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಮನೆಯಲ್ಲಿ ಕೂರುವ ಮಾವಶಿಯ ಸಂಬಳ, ಡೈಪರು, ಬಿಟ್ಟುಹೋದ ನೌಕರಿ ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ.

ಆರು ದಿನದ ಸರದಿ

ಕಳೆದ ವರ್ಷ ನನ್ನ ಮಿತ್ರರಿಗೇ ಹರ್ನಿಯಾ ಎಂದು ತಿಳಿಯಿತು. ತಿಳಿದದ್ದು ಕಳೆದ ವರ್ಷವಲ್ಲ, ಅದಕ್ಕೂ ಎರಡು ವರ್ಷ ಮುಂಚೆ. ಹೊರಗೆ ಹೇಳಿದ್ದು ಕಳೆದ ವರ್ಷ. ಪತ್ನಿಯನ್ನು ಎತ್ತಿ ಎತ್ತಿ ಹೆಚ್ಚಾಗಿತ್ತು. ತಾನು ಆಸ್ಪತ್ರೆ ಸೇರಿದರೆ ಇವಳನ್ನು ನೋಡುವವರು ಯಾರು ಎಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಲೇ ಬಂದಿದ್ದರು. ಸಿಲುಕಿಕೊಂಡರೆ ಜೀವಕ್ಕೇ ಅಪಾಯ ಎಂದು ವೈದ್ಯರು ಗದರಿದ ಮೇಲೆ ಶನಿವಾರದ ಮಹಿಳೆಯ ಬಳಿ ಬಾಯಿಬಿಟ್ಟರು. ಮಗಳು ವಿದೇಶದಲ್ಲಿ, ರಜೆ ಸಿಕ್ಕಿದ್ದು ಒಂದು ವಾರ ತಡವಾಗಿ.

ನಡುವಿನ ಆರು ದಿನಕ್ಕೆ ಬ್ಯಾಂಕಿನ ಡ್ಯೂಟಿ ಚಾರ್ಟಿನಂತೆ ಒಂದು ನೋಟುಬುಕ್ಕು ಮಾಡಿದೆವು. ಹಗಲು ಎರಡು ಪಾಳಿ, ರಾತ್ರಿ ಒಂದು. ರಾತ್ರಿ ಪಾಳಿಗೆ ಇಬ್ಬರು, ಒಬ್ಬ ಮಹಿಳೆ ಕಡ್ಡಾಯ. ಒಟ್ಟು ಹದಿನೆಂಟು ಪಾಳಿ, ಹನ್ನೊಂದು ಮಂದಿ. ಮುಂಚಿನ ಭಾನುವಾರ ಒಬ್ಬ ಫಿಸಿಯೋಥೆರಪಿಸ್ಟ್ ಬಂದು ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಹೇಗೆ ದಾಟಿಸುವುದು ಎಂದು ತೋರಿಸಿದರು. ತೋಳು ಹಿಡಿದು ಎಳೆಯಬಾರದು, ಸೊಂಟದ ಬೆಲ್ಟು ಹಿಡಿದು, ನಮ್ಮ ಮೊಣಕಾಲು ಮಡಚಿ, ಎಣಿಸಿ ಎತ್ತಬೇಕು. ಐವತ್ತೈದರ ನನ್ನ ಬೆನ್ನಿಗೂ ಅದು ಉಪಕಾರವಾಯಿತು. ನೋಟುಬುಕ್ಕಿನ ಮೊದಲ ಪುಟದಲ್ಲಿ ಮಿತ್ರರೇ ತಮ್ಮ ಚೊಕ್ಕ ಅಕ್ಷರದಲ್ಲಿ ಬರೆದುಕೊಟ್ಟಿದ್ದರು: ಗುಳಿಗೆಯ ಹೊತ್ತು, ಇಷ್ಟವಾದ ಹಾಡು, ಕನ್ನಡಿಗೆ ಬಟ್ಟೆ ಮುಚ್ಚಬೇಕು, ಹಾಜರಿ ಕೂಗಿದರೆ ಉತ್ತರ ಕೊಡಬೇಕು. ಮೂರನೇ ರಾತ್ರಿ ನನ್ನ ಸರದಿ ಇತ್ತು. ಎರಡೂವರೆಗೆ ಹಾಜರಿ ಶುರುವಾಯಿತು. ನಾನೂ ನಮ್ಮ ಜಂಟಿ ಕಾರ್ಯದರ್ಶಿಯ ಪತ್ನಿಯೂ ಮೂವತ್ತೆರಡು ಮಕ್ಕಳಿಗೆ ಹಾಜರಿ ಹೇಳಿದೆವು.

ಶಸ್ತ್ರಚಿಕಿತ್ಸೆ ಸರಿಯಾಗಿ ಆಯಿತು. ಆಮೇಲೂ ಕೆಲವು ವಾರ ಭಾರ ಎತ್ತುವಂತಿರಲಿಲ್ಲ, ಹಾಗಾಗಿ ಪಟ್ಟಿ ಮುಂದುವರಿಯಿತು. ಈಗ ವಾರಕ್ಕೆ ಎರಡು ಸರದಿಗೆ ಇಳಿದಿದೆ, ನಿಂತಿಲ್ಲ.

ಇದು ನಮ್ಮ ಹೊಸ ಶೋಧವೇನಲ್ಲ. ಕೇರಳದ ಮಲಪ್ಪುರಂ ಸುತ್ತಮುತ್ತ 2001ರ ಸುಮಾರಿಗೇ ನೆರೆಹೊರೆಯವರು ತರಬೇತಿ ಪಡೆದು, ಊರವರ ಚಿಲ್ಲರೆ ದೇಣಿಗೆ ಕೂಡಿಸಿ, ಹಾಸಿಗೆ ಹಿಡಿದವರ ಮನೆಗೆ ಸರದಿಯಲ್ಲಿ ಹೋಗುವ ಜಾಲ ಕಟ್ಟಿದರು. 2008ರಲ್ಲಿ ಅಲ್ಲಿನ ಸರಕಾರ ಅದನ್ನೇ ಆಧರಿಸಿ ನೀತಿಯನ್ನೂ ತಂದಿತು. ವೈದ್ಯರು, ನರ್ಸ್ ಬೇಕೇ ಬೇಕು; ಆದರೆ ರೇಷನ್ ತಂದುಕೊಡಲು, ಎರಡು ಗಂಟೆ ಕೂರಲು ಪದವಿ ಬೇಡ ಎಂಬುದು ಅವರ ಲೆಕ್ಕಾಚಾರ. ಅಲ್ಲಿ ಪಂಚಾಯತಿನ ವಾರ್ಡು ಮಾಡಿದ್ದನ್ನು ಇಲ್ಲಿ ಸಂಘದ ಸ್ಥಳೀಯ ಸಮಿತಿ ಮಾಡಬಹುದು.

ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನನ್ನ ಮಿತ್ರರನ್ನು ಕಂಡವರೆಲ್ಲ 'ಎಂಥ ಗಂಡ! ಈ ಕಾಲದಲ್ಲಿ ಇಂಥವರು ಇದ್ದಾರೆಯೇ!' ಎನ್ನುತ್ತಾರೆ. ಸನ್ಮಾನ ಮಾಡುವ ಪ್ರಸ್ತಾಪವೂ ಸಮಿತಿಗೆ ಬಂದಿತ್ತು, ಅವರೇ ಬೇಡವೆಂದರು. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ಸೊಸೆ ಒಂಬತ್ತು ವರ್ಷ ಅತ್ತೆಯ ಸೇವೆ ಮಾಡಿದಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಲ್ಲ ಮುಗಿಸಿ 8.12ರ ಲೋಕಲ್ ಹಿಡಿದು ನೌಕರಿಗೂ ಹೋಗುತ್ತಿದ್ದಳು. ಅವಳನ್ನು ಕಂಡು ಯಾರೂ 'ಎಂಥ ಸೊಸೆ' ಎಂದದ್ದು ಕೇಳಿಲ್ಲ. ಬೆನ್ನಿನಲ್ಲಿ ಹುಣ್ಣಾಗಿದ್ದಾಗ ಮಾತ್ರ 'ಸರಿಯಾಗಿ ನೋಡಿಕೊಂಡಿಲ್ಲ' ಎಂದದ್ದು ಕೇಳಿದ್ದೇನೆ. ಗಂಡಸು ಮಾಡಿದರೆ ತ್ಯಾಗ, ಹೆಂಗಸು ಮಾಡಿದರೆ ಕರ್ತವ್ಯ ಎಂಬ ಎರಡು ಲೆಡ್ಜರು ನಮ್ಮಲ್ಲಿವೆ.

ದೂರದಲ್ಲಿರುವ ಒಡಹುಟ್ಟಿದವರೂ ಅಷ್ಟೆ. ಬೆಂಗಳೂರಿನಿಂದ, ದುಬೈಯಿಂದ ವಿಡಿಯೋ ಕರೆಯಲ್ಲಿ ಐದು ನಿಮಿಷ ಮುಖ ನೋಡಿ 'ಅಮ್ಮ ಯಾಕೆ ಇಳಿದಿದ್ದಾರೆ?' ಎಂದು ಲೆಕ್ಕ ಕೇಳುತ್ತಾರೆ. ಅವರು ಬಾರದಿರುವುದಕ್ಕೆ ಕಾರಣ ಇದ್ದೀತು. ಹಾಗಿದ್ದರೆ ತಿಂಗಳಿಗೆ ಇಷ್ಟು ಎಂದು ಆಯಾಳ ಸಂಬಳ ವಹಿಸಿಕೊಳ್ಳಲಿ, ಔಷಧಿ ತರಿಸುವ, ವಿಮೆಯ ಕಾಗದ ಭರ್ತಿ ಮಾಡುವ ಕೆಲಸ ದೂರದಿಂದಲೇ ಮಾಡಲಿ, ವರ್ಷಕ್ಕೆ ಹದಿನೈದು ದಿನ ಬಂದು ಇದ್ದು ಇಲ್ಲಿನವರನ್ನು ಊರಿಗೆ ಕಳಿಸಲಿ. ಹಣ ಕಳಿಸುವವರನ್ನು ಕೀಳಾಗಿ ಕಾಣಬೇಕಿಲ್ಲ. ಪ್ರಶ್ನೆ ಮಾತ್ರ ಕಳಿಸುವವರ ವಿಷಯ ಬೇರೆ.

ರಾತ್ರಿ ಯಾರೂ ಎತ್ತದ ಹೊತ್ತಿನಲ್ಲಿ ಎದೆ ಭಾರವಾದರೆ 14416ಕ್ಕೆ, ಕೇಂದ್ರ ಸರಕಾರದ ಟೆಲಿ ಮಾನಸ್‌ಗೆ ಕರೆ ಮಾಡಬಹುದು. 2022ರ ಅಕ್ಟೋಬರಿನಿಂದ ಇದೆ, ಕನ್ನಡದಲ್ಲೂ ಮಾತನಾಡುತ್ತಾರೆ, ರೋಗಿಯೇ ಆಗಿರಬೇಕೆಂದಿಲ್ಲ. ಹಿರಿಯ ನಾಗರಿಕರ ತೊಂದರೆಗಳಿಗೆ 14567. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದು ಮನೆಯಲ್ಲಿ ನೋವು ನೋಡಲಾಗದವರಿಗೆ ಬಾಂದ್ರಾದಲ್ಲಿ 1986ರಿಂದ ಶಾಂತಿ ಆವೇದನಾ ಸದನ ಇದೆ. ಅಲ್ಲಿ ಸೇರಿಸಿದವರನ್ನು 'ಕೈಬಿಟ್ಟರು' ಎಂದು ಆಡಿಕೊಳ್ಳುವವರು ಒಂದು ರಾತ್ರಿ ಅಂಥ ಮನೆಯಲ್ಲಿ ಕಳೆದು ಬಂದು ಆಮೇಲೆ ಮಾತನಾಡಲಿ.

ರೋಗಿ ತೀರಿಕೊಂಡ ಮೇಲಿನ ಮಾತೂ ಇದೆ. ಹದಿಮೂರನೇ ದಿನದ ಊಟಕ್ಕೆ ಎಲ್ಲರೂ ಬರುತ್ತೇವೆ. ವರ್ಷಗಟ್ಟಲೆ ಗುಳಿಗೆಯ ಗಂಟೆಗೆ ಬದುಕಿದವರು ಹದಿನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಎದ್ದು ಖಾಲಿ ಹಾಸಿಗೆಯ ಮುಂದೆ ನಿಲ್ಲುತ್ತಾರೆ. ಎರಡನೇ ಮಹಡಿಯ ಆ ಸೊಸೆ ಅತ್ತೆ ಹೋದ ಮೂರು ತಿಂಗಳ ಮೇಲೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ ಎನ್ನುತ್ತಿದ್ದಳು. ಈಗ ಅವಳು ನಮ್ಮ ಸರದಿ ಪಟ್ಟಿಯಲ್ಲಿದ್ದಾಳೆ, ರಾತ್ರಿ ಪಾಳಿಯನ್ನು ತಾನೇ ಕೇಳಿ ಪಡೆಯುತ್ತಾಳೆ.

ನೋಟುಬುಕ್ಕು ಸದ್ಯ ನನ್ನ ಬಳಿ ಇದೆ. ಡೊಂಬಿವಲಿ, ಠಾಕುರ್ಲಿ ಕಡೆಯ ಮೂರು ಮನೆಗಳ ಹೆಸರು ಅದರಲ್ಲಿ ಸೇರಿದೆ. ಒಂದು ಮನೆಯಲ್ಲಿ ತುಳು ಬಲ್ಲವರು ಬೇಕು, ಇನ್ನೊಂದರಲ್ಲಿ ವಿಜಯಪುರದ ಕಡೆಯ ಮಾತು ಬಲ್ಲವರು. ಬರುವ ತಿಂಗಳ ಪಟ್ಟಿ ಬಹುಮಟ್ಟಿಗೆ ತುಂಬಿದೆ. ಮೂರನೇ ಶನಿವಾರ ನಾಲ್ಕರಿಂದ ಏಳು ಇನ್ನೂ ಖಾಲಿ ಇದೆ.